ಬಂದೆ ಎಂದವರು

ಒಳಗಿನಿಂದ ‘ಬಂದೆ’ ಎಂದು ಕೂಗಿದವರು ಬಂದೇಬಿಟ್ಟರು ಎಂದು ನಂಬಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುವವರು ನಮ್ಮ ಧಾರವಾಡಕ್ಕೆ ಹೊಸಬರೇ ಇರಬೇಕು. ಹಳಬರಿಗೆ ಗೊತ್ತು, ‘ಬಂದೆ’ ಎಂದವರು ಇನ್ನೂ ತಲೆ ಬಾಚಿರುವುದಿಲ್ಲ, ಒಲೆಯ ಮೇಲೆ ಹಾಲು ಇಟ್ಟಿರುತ್ತಾರೆ, ಒಂದು ಕಾಲು ಬಚ್ಚಲಲ್ಲೇ ಇರುತ್ತದೆ. ಹಾಗೆಂದು ಆ ಮಾತು ಸುಳ್ಳೂ ಅಲ್ಲ. ಬರುವ ಮನಸ್ಸು ಹೊರಟಿದೆ, ಮೈ ಹಿಂದಿನಿಂದ ಬರುತ್ತದೆ ಎಂದು ತಿಳಿದುಕೊಳ್ಳಬೇಕು. ಇಷ್ಟನ್ನು ಹುಟ್ಟಿದಾಗಿನಿಂದ ಬಲ್ಲ ಸರೋಜಿನಿ ಹುಣಸಿಮರದ, ಯಂತ್ರವೊಂದು ‘ಬಂದೆ’ ಎಂದಾಗ ಮಾತ್ರ ಹೊಸಬಳಂತೆ ನಂಬಿಬಿಟ್ಟಳು.

ಆ ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಬಳಸುವವರ ಬಾಯಲ್ಲಿ ಅದು ಬರೀ ‘ಕೀಲಿಕೈ’. ಬೆಂಕಿಪೊಟ್ಟಣದಷ್ಟು ದೊಡ್ಡದು, ಕಿವಿಯ ಹಿಂದೆ ಕೂದಲಲ್ಲಿ ಅಡಗಿ ಕೂರುವಂಥದ್ದು. ಮಿದುಳು ಜ್ವರ ಬಂದು ಬದುಕಿ ಉಳಿದವರಲ್ಲಿ ಕೆಲವರಿಗೆ ನೆನಪು ನಾಶವಾಗಿರುವುದಿಲ್ಲ, ನೆನಪಿನ ಕೋಣೆಗಳಿಗೆ ಹೋಗುವ ಬಾಗಿಲುಗಳು ಮಾತ್ರ ಹಾಕಿಕೊಂಡಿರುತ್ತವೆ. ಕೀಲಿಕೈ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸಿ ಆ ಬಾಗಿಲುಗಳನ್ನು ತೆರೆದು ಹಿಡಿಯುತ್ತಿತ್ತು. ಮಲಗುವಾಗ ಅದನ್ನು ಆರಿಸಲೇಬೇಕು. ಎಲ್ಲ ಬಾಗಿಲೂ ತೆರೆದ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅದು ಮೊದಲಿನಿಂದ ಶುರುವಾಗಬೇಕು. ಒಳಗೆ ಓಡುತ್ತಿದ್ದುದು ಲಿನಕ್ಸ್ ಎಂಬ ತಂತ್ರಾಂಶ. ಬಸ್ಸಿನ ಟಿಕೆಟ್ ಯಂತ್ರದಿಂದ ಹಿಡಿದು ಉಪಗ್ರಹದವರೆಗೆ ಎಲ್ಲೆಲ್ಲೂ ಓಡುವ ಅದೇ ಲಿನಕ್ಸ್.

ಸರೋಜಿನಿ ಆ ಕೀಲಿಕೈ ತಯಾರಿಸುವ ಪ್ರಯೋಗಾಲಯದಲ್ಲೇ ಎಂಜಿನಿಯರ್. ಅದನ್ನು ಮೊದಲು ಧರಿಸಿದ ಕೆಲವೇ ಜನರಲ್ಲಿ ಅವಳ ಗಂಡ ಮಲ್ಲೇಶಪ್ಪನೂ ಒಬ್ಬ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು, ಊರಿಗೆಲ್ಲ ಡ್ರಾಯಿಂಗ್ ಮಾಸ್ತರ್.

ಬೆಳಿಗ್ಗೆ ಅವಳು ಗಂಡನ ಕಿವಿಯ ಹಿಂದಿನ ಗುಂಡಿ ಒತ್ತಿ, ಮಂಚದ ಅಂಚಿನಲ್ಲಿ ಫೋನ್ ಹಿಡಿದು ಕೂರುತ್ತಿದ್ದಳು. ಪರದೆಯ ಮೇಲೆ ಒಂದೊಂದೇ ಸಾಲು ಮೂಡುತ್ತಿತ್ತು. ಮೊದಲು ‘ಮೈ: ಬಂದೆ’. ಅಂದರೆ ಕೈಕಾಲಿನ ಹಿಡಿತ. ಆಮೇಲೆ ‘ಮಾತು: ಬಂದೆ’. ಆಮೇಲೆ ‘ಮನೆ’, ಅಂದರೆ ತಾನೆಲ್ಲಿದ್ದೇನೆ, ನಿನ್ನೆ ಮೊನ್ನೆ ಏನು ಮಾಡಿದೆ ಎಂಬುದು. ಆಮೇಲೆ ‘ಮುಖ’, ಎದುರಿಗಿದ್ದವರು ಯಾರು ಎಂಬ ಗುರುತು. ಕಡೆಗೆ ‘ಬಾಳು’. ಅದು ಎಲ್ಲಕ್ಕಿಂತ ದೊಡ್ಡದು, ಹಿಂದಿನದೆಲ್ಲ ಒಂದರ ಬೆನ್ನಿಗೆ ಒಂದು ನಡೆದ ಹಾಗೆಯೇ ಬಂದು ನಿಲ್ಲಬೇಕು. ಒಬ್ಬರು ಬಂದ ಮೇಲೆಯೇ ಇನ್ನೊಬ್ಬರನ್ನು ಕರೆಯುವುದು ಅದರ ಪದ್ಧತಿ. ಎಲ್ಲ ಮುಗಿಯಲು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಎರಡು ನಿಮಿಷ ಎಂದರೆ ಏನು ಮಹಾ ಎನ್ನಬಹುದು. ಮಾತು ಬಂದು ಮುಖ ಬಾರದ ಹೊತ್ತಿನಲ್ಲಿ ಆ ಮಂಚದ ಮೇಲೆ ಕೂತು ನೋಡಬೇಕು. ಮಲ್ಲೇಶಪ್ಪ ಕಣ್ಣು ತೆರೆದು, ಪಕ್ಕದಲ್ಲಿ ಪರಸ್ತ್ರೀ ಕೂತಿರುವುದನ್ನು ಕಂಡು, ಹೊದಿಕೆಯನ್ನು ಎದೆಗೆ ಎಳೆದುಕೊಂಡು ಗೋಡೆಗೆ ಸರಿಯುತ್ತಿದ್ದ.

“ಯಾರ್ರೀ ನೀವು? ಇಲ್ಯಾಕ ಕುಂತೀರಿ?”

ಮೂವತ್ತು ವರ್ಷ ‘ನೀ’ ಎಂದು ಕರೆದವನ ಬಾಯಲ್ಲಿ ಆ ‘ನೀವು’. ಬೈದಿದ್ದರೂ ಸರೋಜಿನಿಗೆ ಅಷ್ಟು ನೋವಾಗುತ್ತಿರಲಿಲ್ಲ. “ಒಂಚೂರು ತಡೀರಿ, ಗೊತ್ತಾಗ್ತೈತಿ” ಎಂದು ಅವಳು ದಿನಾ ಅದೇ ಮಾತು ಹೇಳುತ್ತಿದ್ದಳು. ಮುಖ ಬಂದಾಗ ಅವನ ಹುಬ್ಬು ಸಡಿಲವಾಗುತ್ತಿತ್ತು. ಬಾಳು ಬಂದಾಗ ಮಾತ್ರ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ, ದಿಂಬು ಒದ್ದೆಯಾಗುತ್ತಿತ್ತು. ಕರೆಂಟು ಹರಿಯುವಾಗ ಕೆಲವರ ಕಣ್ಣಲ್ಲಿ ನೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟು ಹೊತ್ತು ಹೆದರಿದವನು ಕಡೆಗೆ ಅಳುತ್ತಾನೆ ಎಂದು ಅವಳೂ ತಿಳಿದಿದ್ದಳು. ಹಾಗೆ ತಿಳಿಯುವುದು ಅವಳಿಗೆ ಸುಲಭವೂ ಆಗಿತ್ತು.

*

ಪ್ರಯೋಗಾಲಯದಲ್ಲಿ ಜಗಳ ಶುರುವಾದದ್ದು ‘ಚುರುಕು’ ಬಂದ ಮೇಲೆ. ಅದು ತೌಸೀಫ್ ನದಾಫ್ ಬರೆದ ಹೊಸ ಆರಂಭ ವ್ಯವಸ್ಥೆ, ಅಂದರೆ ಗುಂಡಿ ಒತ್ತಿದ ಮೇಲೆ ಯಾರನ್ನು ಯಾವಾಗ ಎಬ್ಬಿಸಬೇಕೆಂದು ನೋಡಿಕೊಳ್ಳುವ ತಂತ್ರಾಂಶ. ತೌಸೀಫ್‌ಗೆ ಮೂವತ್ತೂ ತುಂಬಿರಲಿಲ್ಲ, ಮಾತಿನಲ್ಲಿ ವಿನಯ, ಕೆಲಸದಲ್ಲಿ ಹಟ. ಹಳೆಯ ವ್ಯವಸ್ಥೆ ಬರೆದವರು ಪ್ರಯೋಗಾಲಯದ ಮುಖ್ಯಸ್ಥರಾದ ಅನಂತ ಕಟ್ಟಿ. ಕಂಪ್ಯೂಟರು ‘ಓಕೆ’ ಅನ್ನುವ ಕಡೆಯಲ್ಲಿ ಅದರಿಂದ ‘ಬಂದೆ’ ಅನ್ನಿಸಿದವರು ಅವರೇ. ಯಂತ್ರ ನಮ್ಮದಾದ ಮೇಲೆ ನಮ್ಮ ಮಾತಿನಲ್ಲೇ ಓ ಎನ್ನಲಿ ಎಂದು ಅವರ ವಾದ.

ಲಿನಕ್ಸಿನವರು ಆರಂಭ ವ್ಯವಸ್ಥೆಯ ಬಗ್ಗೆ ಜಗಳಾಡುವುದನ್ನು ಹೊರಗಿನವರು ನೋಡಿದರೆ ಅಣ್ಣತಮ್ಮಂದಿರ ಆಸ್ತಿ ಹಿಸೆ ನಡೆದಿದೆ ಎಂದುಕೊಂಡಾರು. ಚಹಾ ಆರಿ ಕೆನೆ ಕಟ್ಟಿದರೂ ಸಭೆ ಮುಗಿಯುತ್ತಿರಲಿಲ್ಲ.

“ಸರ್, ಈಗ ಹೆಂಗೈತಂದ್ರ, ಒಬ್ರು ಸ್ನಾನ ಮುಗಿಸೂತನಕ ಇನ್ನೊಬ್ರನ್ನ ಎಬ್ಸೂದಿಲ್ಲ,” ಎಂದ ತೌಸೀಫ್. “ಚುರುಕು ಎಲ್ಲಾರನ್ನೂ ಒಮ್ಮೆಗೇ ಎಬ್ಬಸ್ತೈತಿ. ಯಾರ್ದು ಕೆಲಸಿಲ್ಲೋ ಅವ್ರನ್ನ ಮಲಗಾಕ ಬಿಡ್ತೈತಿ. ಕರದ್ರ ಎದ್ದು ಬರ್ತಾರ. ಹತ್ತು ಸೆಕೆಂಡಿನಾಗ ಮಂದಿ ತಯಾರಾಗ್ತಾರ್ರಿ.”

ಕಟ್ಟಿಯವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಪ್ರಯೋಗಾಲಯಕ್ಕೆ ಪಂಚೆ ಉಟ್ಟು ಬರುವವರು ಅವರೊಬ್ಬರೇ.

“ಅಲ್ಲಪಾ, ಬಾವಿ ಒಂದು, ಹಗ್ಗ ಒಂದು ಅದ. ಕೀಲಿಕೈಯಾಗ ಇರೂದು ಒಂದೇ ಮೆಮೊರಿ ಚಿಪ್ಪು, ಎಲ್ಲಾ ಅದರಿಂದನ ಓದಬೇಕು. ನೂರು ಮಂದಿ ಕೊಡಾ ಹಿಡ್ಕೊಂಡು ಒಮ್ಮೆಗೇ ಓಡಿದ್ರ ನೀರು ಲಗೂ ಬರ್ತದೇನು? ಗದ್ದಲ ಲಗೂ ಆಗ್ತದ. ಮತ್ತ ನಿನ್ನ ಪರದೆ ಮ್ಯಾಲೆ ಹತ್ತು ಸೆಕೆಂಡಿಗೆ ಐದೂ ‘ಬಂದೆ’ ಅಂತಾವಲ್ಲ, ಹಂಗಂದವ್ರು ಯಾರು?”

“ಚುರುಕು ಅಂತೈತ್ರಿ. ಅವ್ರ ಪರವಾಗಿ.”

“ಅಂದ್ರ ಬಾಗಲದಾಗ ಕುಂತಾಂವ, ಒಳಗ ಮಲಗಿದಾಂವನ ಪರವಾಗಿ ‘ಬಂದೆ’ ಅಂತಾನ.”

“ಕರದ್ರ ಬರ್ತಾನಲ್ರೀ ಸರ್. ಬರೂದು ಖರೆ ಇದ್ರ ಯಾರು ಅಂದ್ರೇನು?”

“ಲಗೂ ಶುರು ಆಗೂದು ಬ್ಯಾರೆ, ಲಗೂ ತಯಾರಾಗೂದು ಬ್ಯಾರೆ,” ಎಂದರು ಕಟ್ಟಿ. “ತಾಳಿದವ ಬಾಳ್ಯಾನು ಅಂತಾರ. ಬಾಳು ಅಂಬೂದು ಕಡೀಕ ಬರೂದಕ್ಕೂ ಒಂದು ಅರ್ಥ ಅದ.”

ಸರೋಜಿನಿಯದು ವಿದ್ಯುತ್ ವಿಭಾಗ, ಈ ಜಗಳ ಅವಳದಲ್ಲ. ಆದರೆ ತಾಳುವ ಮಾತು ಕೇಳಿದಾಗ ತಾಳಲಾಗಲಿಲ್ಲ.

“ಸರ್, ನಿಮ್ಮ ಮನಿಯವ್ರು ಮುಂಜಾನೆ ಎದ್ದು ನಿಮ್ಮನ್ನ ‘ನೀವು ಯಾರ್ರೀ’ ಅಂತ ಕೇಳ್ತಾರೇನು?” ಎಂದಳು. “ನನ್ನ ಕೇಳ್ತಾರ. ದಿನಾ ಕೇಳ್ತಾರ. ಬಾವೀದು ಹಗ್ಗದ್ದು ನಂಗ ಬ್ಯಾಡ. ಆ ಮಾತು ಒಂದಿನ ಕೇಳದಂಗ ಆದ್ರ ಸಾಕು.”

ಕಟ್ಟಿಯವರು ಕನ್ನಡಕ ಹಾಕಿಕೊಂಡು, “ಆತವಾ, ನಿಮ್ಮ ಮನ್ಯಾಗ ಮೊದಲು ನೋಡೂಣು,” ಎಂದರು. ಅವರು ಸೋತದ್ದು ವಾದದಲ್ಲಲ್ಲ. ಆ ಹೆಂಗಸಿನ ಮುಖ ನೋಡಿ ಸೋತರು.

*

ಚುರುಕು ಹಾಕಿದ ಮೊದಲ ಬೆಳಿಗ್ಗೆ ಸರೋಜಿನಿ ಗುಂಡಿ ಒತ್ತಿ ಕೂರುವಷ್ಟರಲ್ಲಿ ಐದೂ ಸಾಲು ಮೂಡಿ ನಿಂತವು. ಮಲ್ಲೇಶಪ್ಪ ಕಣ್ಣು ತೆರೆದ. ಅವಳನ್ನು ನೋಡಿದ.

“ಸರೋಜಾ, ಚಾ ಆತೇನು?”

ಅವಳು ಅಡುಗೆಮನೆಗೆ ಓಡಿಹೋಗಿ ಒಲೆಯ ಕಟ್ಟೆ ಹಿಡಿದು ಅತ್ತಳು. ನಗುತ್ತಲೂ ಇದ್ದಳು. ಚಹಾಕ್ಕೆ ಎರಡು ಸಲ ಸಕ್ಕರೆ ಬಿತ್ತು.

ಅದಾದ ಮೇಲೆ ಆ ಮನೆಗೆ ಒಳ್ಳೆಯ ದಿನಗಳು ಬಂದವು. ಗೋಡೆಗೆ ತಿರುಗಿ ಮಲಗುವುದು ನಿಂತಿತು, ದಿಂಬು ಒಣಗಿತು. ಮಲ್ಲೇಶಪ್ಪ ಬೆಳಿಗ್ಗೆ ಎದ್ದು ಶಿಳ್ಳೆ ಹಾಕುತ್ತಾ ದಾಸವಾಳದ ಗಿಡಕ್ಕೆ ನೀರು ಹಾಕಿದ. ಪೆನ್ಸಿಲ್ ಕೆತ್ತಿ ಹಾಲಿನವನ ಚಿತ್ರ ಬರೆದು, ಹಾಲಿನವನಿಗೇ ತೋರಿಸಿ, “ಮೀಸಿ ನೋಡಪಾ, ಹಾಲಿಗಿ ಹಾಕೂ ನೀರಿಗಿಂತ ಹೆಚ್ಚೈತಿ” ಎಂದು ಚೇಷ್ಟೆ ಮಾಡಿದ. ಸರೋಜಿನಿ ಪ್ರಯೋಗಾಲಯದಲ್ಲಿ ತೌಸೀಫ್‌ನ ಕೈ ಹಿಡಿದು, “ನಿನ್ನ ತಾಯಿ ಹೊಟ್ಟಿ ತಣ್ಣಗಿರ್ಲಿ” ಎಂದಳು. ಕಟ್ಟಿಯವರು ಕೂಡ ‘ಇರಬಹುದು’ ಎನ್ನುವವರೆಗೆ ಬಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಗಂಡ ಹಳೆಯ ಸಂಗತಿ ಯಾವುದನ್ನೂ ಎತ್ತುತ್ತಿಲ್ಲ ಎಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆ ಮನೆಯಲ್ಲಿ ಹಳೆಯ ಮಾತು ಆಡುವ ರೂಢಿ ತಪ್ಪಿಹೋಗಿ ನಾಲ್ಕು ವರ್ಷವಾಗಿತ್ತು. ಜಾತ್ರೆಯಿಂದ ಶುರುಮಾಡಲಿ, ಮಾವಿನಕಾಯಿಯಿಂದ ಶುರುಮಾಡಲಿ, ಹಳೆಯ ಮಾತು ಮೂರನೆಯ ಹೆಜ್ಜೆಗೆ ಶಾಂಭವಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅದಕ್ಕೇ ಗಂಡಹೆಂಡಿರು ಇವತ್ತಿನ ಮಾತಷ್ಟೇ ಆಡುತ್ತಿದ್ದರು. ಮನೆಗೆ ಬಂದವರೂ ಬಿಸಿಲಿನ ಬಗ್ಗೆ ಮಾತಾಡಿ ಚಹಾ ಕುಡಿದು ಹೋಗುತ್ತಿದ್ದರು.

ಶಾಂಭವಿ ಅವರ ಒಬ್ಬಳೇ ಮಗಳು. ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಭಾನುವಾರ ಊಟಕ್ಕೆ ಮನೆಗೆ ಬರುತ್ತಿದ್ದಳು. ಅವಳ ‘ಬಂದೆ’ಯ ಬಗ್ಗೆ ಓಣಿಯೆಲ್ಲ ನಗುತ್ತಿತ್ತು. ಕರೆದರೆ ಸಾಕು, ಮಹಡಿಯಿಂದ ‘ಬಂದೆ’ ಎನ್ನುವಳು, ಅನ್ನ ಆರಿ ಅಕ್ಕಿಯಾದರೂ ಇಳಿಯಳು. ಆ ಭಾನುವಾರ ಅಪ್ಪ ಫೋನ್ ಮಾಡಿದಾಗ ಬಸ್ಸಿನಲ್ಲಿದ್ದಳು. “ಬಂದೆ ಅಪ್ಪಾ, ನೀವು ಊಟಕ್ಕ ಕೂಡಬ್ಯಾಡ್ರಿ, ನಾ ಬಂದೆ” ಎಂದಳು. ಮಲ್ಲೇಶಪ್ಪ ನಕ್ಕು, ಅವಳಿಗೆ ಇಷ್ಟವಾದ ಗೋದಿಯ ಸಿಹಿ ಮಾದಲಿಯನ್ನು ತಾಟಿಗೆ ಬಡಿಸಿ, ಮೇಲೊಂದು ತಾಟು ಮುಚ್ಚಿಟ್ಟ. ಅಣ್ಣಿಗೇರಿ ದಾಟಿದ ಮೇಲೆ ಬಸ್ಸು ಉರುಳಿತು. ಮುಚ್ಚಿದ ತಾಟನ್ನು ಮರುದಿನ ಯಾರು ತೆಗೆದರೋ ಸರೋಜಿನಿಗೆ ಈಗಲೂ ಗೊತ್ತಿಲ್ಲ.

ಮಲ್ಲೇಶಪ್ಪನಿಗೆ ಜ್ವರ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಮುಖ ಗುರುತು ಸಿಗದ ಹೊತ್ತಿನಲ್ಲಿ ಮಾಲೆ ಹಾಕಿದ ಫೋಟೋ ಕಂಡು ಅವನು ಬೆದರಬಾರದೆಂದು ಸರೋಜಿನಿ ಮಗಳ ಫೋಟೋವನ್ನು ಕಪಾಟಿನಲ್ಲಿ ಸೀರೆಗಳ ಅಡಿ ಇಟ್ಟಿದ್ದಳು.

*

ಒಂದು ಭಾನುವಾರ ಅವಳು ಬಟ್ಟೆ ಒಣಗಿಸಿ ಒಳಗೆ ಬಂದಾಗ ಮಲ್ಲೇಶಪ್ಪ ಮೇಜಿನ ಮೇಲೆ ಬಗ್ಗಿ ಕೂತಿದ್ದ. ಹಾಲಿನವನ ಚಿತ್ರ ಮುಗಿದಿತ್ತು, ಪಕ್ಕದ ಮನೆಯ ಅಜ್ಜಿಯದೂ ಮುಗಿದಿತ್ತು. ಇವತ್ತಿನ ಹಾಳೆಯಲ್ಲಿ ಒಂದು ಹುಡುಗಿಯ ಮುಖ. ಎರಡು ಜಡೆ, ಒಂದು ಮುಂದೆ ಒಂದು ಹಿಂದೆ. ಎಡಗಡೆಯ ಹುಬ್ಬಿನಲ್ಲಿ ಚಿಕ್ಕಂದಿನ ಗಾಯದ ಕಲೆ.

“ನಮ್ಮ ಶಂಭೂ,” ಎಂದ ಅವನು, ಚಿತ್ರವನ್ನು ದೂರ ಹಿಡಿದು ನೋಡುತ್ತಾ. ಮುಖದಲ್ಲಿ ನಗು. “ಇವತ್ತು ಐತವಾರ ಅಲ್ಲೇನು? ಬರ್ತಾಳ. ಮಾದ್ಲಿ ಮಾಡು.”

ಸರೋಜಿನಿಯ ಕೈಯಲ್ಲಿದ್ದ ಖಾಲಿ ಬಕೆಟ್ಟು ಕೈಯಲ್ಲೇ ಉಳಿಯಿತು. ತಮಾಷೆಯಲ್ಲ, ಬುದ್ಧಿ ಕೆಟ್ಟದ್ದೂ ಅಲ್ಲ. ಅವಳು ಎಂಜಿನಿಯರ್, ಏನಾಗಿದೆ ಎಂದು ನಿಂತಲ್ಲೇ ಹೊಳೆಯಿತು. ಮುಖ ಬಂದಿತ್ತು, ಮನೆ ಬಂದಿತ್ತು, ಮಾತು ಬಂದಿತ್ತು. ಬಾಳು ಬಂದಿರಲಿಲ್ಲ. ಚುರುಕು ಹಾಕಿದ ದಿನದಿಂದ ಒಂದು ದಿನವೂ ಬಂದಿರಲಿಲ್ಲ. ‘ಆಗ ಏನಾಯಿತು’ ಎಂದು ಯಾರಾದರೂ ಕೇಳಿದ್ದರೆ, ಅವನಾದರೂ ಕೇಳಿಕೊಂಡಿದ್ದರೆ, ಅದು ಎದ್ದು ಬರುತ್ತಿತ್ತು. ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಪರದೆಯ ಮೇಲೆ ಮಾತ್ರ ದಿನಾ ‘ಬಾಳು: ಬಂದೆ’.

ಹಾಗಾದರೆ ಆ ಒದ್ದೆ ದಿಂಬು ಕರೆಂಟಿನದಲ್ಲ. ಅವನು ದಿನಾ ಬೆಳಿಗ್ಗೆ, ಬಾಳು ಬಂದ ಕೂಡಲೇ, ಮಗಳನ್ನು ಹೊಸದಾಗಿ ಕಳೆದುಕೊಳ್ಳುತ್ತಿದ್ದ. ಹೆಂಡತಿಗೆ ತಿಳಿಯಬಾರದೆಂದು ಗೋಡೆಗೆ ಮುಖ ಮಾಡುತ್ತಿದ್ದ.

ಅವಳು ಮಾದಲಿ ಮಾಡಿದಳು. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಗೋದಿ ರವೆ ಹುರಿಯುವಾಗ ಕೈ ತಾನಾಗಿಯೇ ನಡೆಯಿತು, ಬೆಲ್ಲ ತಾನಾಗಿಯೇ ಬಿತ್ತು. ಮಲ್ಲೇಶಪ್ಪ ಮೂರು ತಾಟು ಇಟ್ಟ.

“ಎಲ್ಲಿದ್ದಾಳಂತ? ಫೋನ್ ಹಚ್ಚಿದ್ದೇನು?”

ನಿಜ ಹೇಳಬೇಕೆಂದು ಬಾಯಿ ತೆರೆದಳು. ಅವನು ಸೌಟು ಹಿಡಿದು, ಮಗು ಕಾಯುವ ಹಾಗೆ ಕಾಯುತ್ತಿದ್ದ.

“ಹಚ್ಚಿದ್ದೆ,” ಎಂದಳು. “ಬಂದೆ ಅಂದ್ಲು.”

ಮಲ್ಲೇಶಪ್ಪ ಗಟ್ಟಿಯಾಗಿ ನಕ್ಕ. “ಅಕಿ ಬಂದೆ ಅಂದ್ರ ಮುಗೀತು. ನಾವರ ಉಣ್ಣೂಣು” ಎಂದು ಮೂರನೆಯ ತಾಟಿಗೆ ಬಡಿಸಿ, ಮೇಲೊಂದು ತಾಟು ಮುಚ್ಚಿದ. ಸರೋಜಿನಿ ತನ್ನ ತಾಟಿನಲ್ಲಿದ್ದುದನ್ನು ಕಲಸುತ್ತಾ ಕೂತಳು. ಒಳಗೆ ಇಲ್ಲದವರ ಪರವಾಗಿ ಬಾಗಿಲಲ್ಲಿ ಕೂತು ‘ಬಂದೆ’ ಎನ್ನುವ ಕೆಲಸ ಈಗ ಅವಳ ಪಾಲಿಗೂ ಬಂದಿತ್ತು.

ಮರುದಿನವೂ ಕೇಳಿದ. ಪರೀಕ್ಷೆಯಂತೆ ಎಂದಳು. ಅದರ ಮರುದಿನ ಬಸ್ಸು ಸಿಗಲಿಲ್ಲವಂತೆ ಎಂದಳು. ಅವನು ದಿನಾ ಒಂದು ತಾಟು ಮುಚ್ಚಿಡುತ್ತಿದ್ದ, ಅವಳು ದಿನಾ ಅದನ್ನು ಅವನು ಮಲಗಿದ ಮೇಲೆ ತೆಗೆಯುತ್ತಿದ್ದಳು.

*

ಸರೋಜಿನಿ ಕಟ್ಟಿಯವರನ್ನೂ ತೌಸೀಫ್‌ನನ್ನೂ ಕೂರಿಸಿಕೊಂಡು ಎಲ್ಲ ಹೇಳಿದಳು. ‘ನಾ ಮೊದಲೇ ಹೇಳಿದ್ನಿ’ ಎಂದು ಕಟ್ಟಿಯವರು ಹೇಳಲಿಲ್ಲ. ಅದು ಅವರ ದೊಡ್ಡತನ. ತೌಸೀಫ್ ತಲೆ ಬಗ್ಗಿಸಿ ಕೇಳಿ, ಎದ್ದು ಹೋಗಿ ಒಂದು ಕೀಲಿಕೈ ತಂದ. ಬಾಳು ನಿಜವಾಗಿ ಬಂದ ಮೇಲೆಯೇ ‘ಬಂದೆ’ ಎನ್ನಬೇಕು ಎಂದು ಚುರುಕಿಗೆ ಹೇಳಿ, ಗುಂಡಿ ಒತ್ತಿದ. ಮೂವರೂ ಪರದೆ ನೋಡುತ್ತಾ ಕೂತರು. ಸಾಲುಗಳು ಎಲ್ಲ ಒಮ್ಮೆಗೇ ಎದ್ದು, ಒಂದೇ ಚಿಪ್ಪಿನ ಮುಂದೆ ನೂಕಾಡಿ, ಹಳೆಯ ವ್ಯವಸ್ಥೆಗಿಂತ ಒಂದು ಉಸಿರಿನಷ್ಟೇ ಮುಂಚೆ ಮುಗಿದವು.

“ಇದು ವೇಗ ಅಲ್ರಿ ಮೇಡಮ್,” ಎಂದ ತೌಸೀಫ್. “ನಾ ಕಾಯೂದನ್ನ ಕಡಿಮಿ ಮಾಡಿಲ್ಲ. ಮುಂದ ದೂಡೀನಿ, ಅಷ್ಟ.”

ತಿಂಗಳುಗಟ್ಟಲೆ ನಡೆದ ಜಗಳ ಹೀಗೆ ಒಂದು ಮಾತಿಗೆ ಮುಗಿಯಿತು. ಗೆದ್ದವರಿಗೂ ಖುಷಿಯಾಗಲಿಲ್ಲ.

“ಹಳೇದು ಹಾಕ್ಲೇನ್ರಿ?” ಎಂದು ಅವನು ಕೇಳಿದ. ಆಮೇಲೆ ಅನುಮಾನಿಸುತ್ತಾ, “ತಪ್ಪು ತಿಳಿಬ್ಯಾಡ್ರಿ. ಮಾಸ್ತರ್ ಆರಾಮ ಅದಾರ. ನಗತಾರ. ಅವ್ರಿಗಿ ಆ ದುಃಖ ಯಾಕ ಬೇಕ್ರಿ? ಹಿಂಗ ಇದ್ದುಬಿಡ್ಲಿ” ಎಂದ.

ಅದು ಪ್ರೀತಿಯಿಂದ ಬಂದ ಮಾತು. ಸರೋಜಿನಿಗೂ ಅದು ತಿಳಿಯಿತು.

“ಅವ್ರನ್ನ ಕೇಳ್ಬೇಕಂದ್ರ ಹೆಂಗ ಕೇಳ್ಲಪಾ? ಮಗಳು ಹೋಗ್ಯಾಳ, ನೆನಪು ಬೇಕೇನ್ರಿ ಅಂತನಾ? ಕೇಳಿದ್ರ ಹೇಳಿದಂಗ ಆತು.” ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಖರೆ ಹೇಳ್ಲೇನು? ಅವ್ರು ಅಳ್ತಿದ್ದಾಗ ನಾ ಅದನ್ನ ಕರೆಂಟಿನ ನೀರು ಅಂದ್ಕೊಂಡೆ. ಈಗ ಅವ್ರು ನಗತಾರ. ನಮ್ಮ ಮನ್ಯಾಗ ಶಂಭೂ ಸತ್ತಿದ್ದು ಈಗ ನಂಗೊಬ್ಬಾಕಿಗೇ. ಅವ್ರ ಪಾಲಿಗಿ ಅಕಿ ಬಸ್ಸಿನಾಗ ಕುಂತಾಳ, ಬರಾಕ ಹತ್ಯಾಳ. ನಂಗ ಅದು ತಡಕೊಳ್ಳಾಕ ಆಗವಲ್ದು. ಹಳೇದನ್ನ ಹಾಕು. ಇದು ಅವ್ರ ಸಲುವಾಗಿ ಮಾಡ್ತೀನೋ ನನ್ನ ಸಲುವಾಗಿ ಮಾಡ್ತೀನೋ ನಂಗ ತಿಳೀವಲ್ದು.”

ಕಟ್ಟಿಯವರು ಕಿಟಕಿಯ ಕಡೆ ನೋಡುತ್ತಿದ್ದರು. “ಯಾರ ಸಲುವಾಗಿ ಅಂತ ಬಿಡಿಸಿ ನೋಡ್ಲಿಕ್ಕೆ ಹೋಗಬ್ಯಾಡವಾ,” ಎಂದರು. “ಗಂಡಹೆಂಡಿರ ದುಃಖ. ಅದನ್ನ ಹಿಸೆ ಮಾಡ್ಲಿಕ್ಕೆ ಬರೂದಿಲ್ಲ.”

ಅಷ್ಟರಲ್ಲಿ ಚುರುಕು ಹಾಕಿಸಿಕೊಂಡಿದ್ದ ಬೇರೆ ಮನೆಗಳಿಗೂ ಮುಂದೆ ಪ್ರಯೋಗಾಲಯದವರು ಹೋಗಿ ಯಾವುದು ಬೇಕೆಂದು ಕೇಳಿದರು. ಕೆಲವರು ಹಳೆಯದನ್ನು ಕೇಳಿದರು. ಕೆಲವರು, ಬಾಳು ಬರುವುದೇ ಬೇಡ, ಹೀಗೇ ಇರಲಿ ಎಂದು ಕೈಮುಗಿದರು. ಅವರದೂ ತಪ್ಪೆಂದು ಸರೋಜಿನಿಗೆ ಅನ್ನಿಸಲಿಲ್ಲ.

*

ಹಳೆಯ ವ್ಯವಸ್ಥೆ ಮತ್ತೆ ಹಾಕುವ ಹಿಂದಿನ ಸಂಜೆ ಮಲ್ಲೇಶಪ್ಪ ಮಾದಲಿ ಬೇಕೆಂದ. ಮೂರನೆಯ ತಾಟಿಗೆ ತಾನೇ ಬಡಿಸಿ ಮುಚ್ಚಿಟ್ಟ. ಆ ದಿನ ಸರೋಜಿನಿ ಅದನ್ನು ತೆಗೆಯಲಿಲ್ಲ.

ಬೆಳಿಗ್ಗೆ ಗುಂಡಿ ಒತ್ತಿ ಮಂಚದ ಅಂಚಿನಲ್ಲಿ ಕೂತಳು. ಈ ಸಲ ಫೋನ್ ಕೆಳಗಿಟ್ಟು ಅವನ ಕೈ ಹಿಡಿದುಕೊಂಡಳು. ಮೈ ಬಂತು. ಆ ಕೈ ಅವಳ ಕೈಯಿಂದ ಬಿಡಿಸಿಕೊಳ್ಳಲು ಜಗ್ಗಿತು. ಮಾತು ಬಂತು.

“ಯಾರ್ರೀ ನೀವು?”

“ತಡೀರಿ,” ಎಂದಳು. “ಗೊತ್ತಾಗ್ತೈತಿ. ನಾ ಇಲ್ಲೇ ಇರ್ತೀನಿ.”

ಮನೆ ಬಂತು. ಅವನ ಕಣ್ಣು ಕೋಣೆಯ ಸುತ್ತ ಹರಿದಾಡಿ ಮೇಜಿನ ಮೇಲಿನ ಮುಚ್ಚಿದ ತಾಟಿನ ಮೇಲೆ ನಿಂತಿತು. ಮುಖ ಬಂತು. “ಸರೋಜಾ,” ಎಂದು ಉಸಿರು ಬಿಟ್ಟ. ಆಮೇಲೆ ಆ ಉದ್ದದ, ಕೊನೆಯ ಕಾಯುವಿಕೆ. ಅವಳಿಗೆ ಕೈ ಚಾಚಿ ಯಂತ್ರ ಆರಿಸಿಬಿಡಬೇಕು ಅನ್ನಿಸಿತು. ಆರಿಸಲಿಲ್ಲ. ಆ ಹೊತ್ತಿನಲ್ಲಿ ಅವಳು ತನ್ನನ್ನು ತಾನೇ ಶಪಿಸಿಕೊಂಡಳು ಎಂಬುದನ್ನು ಮುಚ್ಚಿಡುವುದು ಬೇಡ.

ಬಾಳು ಬಂದದ್ದು ಪರದೆ ನೋಡದೆಯೇ ತಿಳಿಯಿತು. ಅವಳ ಕೈಯೊಳಗಿನ ಕೈ ಮೊದಲು ಸಡಿಲವಾಯಿತು, ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡಿತು. ಅವನು ಅಭ್ಯಾಸದಂತೆ ಗೋಡೆಯ ಕಡೆ ತಿರುಗಲು ಹೋದ. ಅವಳು ಬಿಡಲಿಲ್ಲ.

“ಈ ಕಡೆ ತಿರುಗ್ರಿ,” ಎಂದಳು. “ನನ್ನ ಕಡೆ.”

ಇಬ್ಬರೂ ಅತ್ತರು. ನಾಲ್ಕು ವರ್ಷದಲ್ಲಿ ಜೊತೆಗೆ ಅತ್ತದ್ದು ಅದೇ ಮೊದಲು. ಓಣಿಯಲ್ಲಿ ಹಾಲಿನವನು ಗಂಟೆ ಬಾರಿಸಿ, ಯಾರೂ ಬಾರದ್ದು ನೋಡಿ ಮುಂದೆ ಹೋದ.

ಅಳು ಇಳಿದ ಮೇಲೆ ಮಲ್ಲೇಶಪ್ಪ ಎದ್ದು ಕೂತ. ಈಚಿನ ದಿನಗಳೂ ಅವನಿಗೆ ನೆನಪಿದ್ದವು. ಎಲ್ಲ ಬಾಗಿಲೂ ತೆರೆದಿತ್ತಲ್ಲ.

“ದಿನಾ ಕೇಳ್ತಿದ್ನಿ ನಿನ್ನ,” ಎಂದ. “ಎಲ್ಲಿದ್ದಾಳಂತ, ಎಲ್ಲಿದ್ದಾಳಂತ ಅಂತ. ನೀ ‘ಬಂದೆ ಅಂದ್ಲು’ ಅಂದಿ, ಪರೀಕ್ಷೆ ಅಂದಿ, ಬಸ್ ಸಿಗಲಿಲ್ಲ ಅಂದಿ. ಹೆಂಗ ಅಂದಿ ನೀನು? ಯಾವ ಬಾಯಿಲೆ ಅಂದಿ?”

ಬೈಗುಳವೆಂದು ಅವಳು ತಲೆ ತಗ್ಗಿಸಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

“ಇದನ್ನೆಲ್ಲಾ ಒಬ್ಬಾಕೀನ ಹೊತ್ಕೊಂಡು ಕುಂತಿದ್ದ್ಯಲ್ಲ.”

ಅವಳು ಮುಖ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಒಲೆಯ ಪಕ್ಕದ ಮಣೆಯ ಮೇಲೆ ಕೂತಳು. ಒಳಗೆ ಕಪಾಟಿನ ಬಾಗಿಲು ಸದ್ದಾಯಿತು. ಸೀರೆಗಳು ಸರಿದ ಸದ್ದು. ಫೋಟೋದ ಚೌಕಟ್ಟು ಗೋಡೆಗೆ ತಾಗಿದ ಸದ್ದು. ಆಮೇಲೆ ತಾಟಿನ ಮೇಲಿನ ತಾಟು ತೆಗೆದು ಪಕ್ಕಕ್ಕಿಟ್ಟ ಸದ್ದು ಕೇಳಿಸಿತು. ಊಟಕ್ಕೆಂದು ಮುಚ್ಚಿಟ್ಟಿದ್ದ ಮಾದಲಿಯನ್ನು ಅವನು ಮಗಳ ಫೋಟೋದ ಮುಂದೆ ಎಡೆ ಇಡುತ್ತಿದ್ದ.

“ಸರೋಜಾ,” ಎಂದು ಅವನು ಒಳಗಿನಿಂದ ಕರೆದ. “ದೀಪಾ ಹಚ್ಕೊಂಡು ಬಾ.”

“ಬಂದೆ,” ಎಂದಳು ಸರೋಜಿನಿ. ಮಣೆಯಿಂದ ಏಳಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.